ಫೆಬ್ರವರಿ ತಿಂಗಳ ಸವಾರ

ಭದ್ರಾವತಿ
22 ಜೂನ್ 2025

ಅಳಿಯಂದಿರಾದ ನಿರಂಜನ ಅವರಿಗೆ,

ಮುರುಗೇಶಪ್ಪ ಬರೆಯುವುದು. ಇಲ್ಲಿ ನಾವಿಬ್ಬರೂ ಇದ್ದ ಹಾಗೇ ಇದ್ದೀವಿ. ನನ್ನ ಎದೆಯೊಳಗೆ ಡಾಕ್ಟರು ಕೂರಿಸಿದ ಸ್ಪ್ರಿಂಗು ಕೆಲಸ ಮಾಡ್ತಾ ಇದೆ. ನನ್ನ ಸೈಕಲ್ಲಿಗೆ ನಿಮ್ಮ ಹೆಂಡತಿ, ಅಂದರೆ ನನ್ನ ಮಗಳು, ಹಾಕಿದ್ದ ಬೀಗವೂ ಚೆನ್ನಾಗೇ ಕೆಲಸ ಮಾಡ್ತಾ ಇತ್ತು. ಮೊನ್ನೆ ಸುಮನಾ ಬಂದು ಆ ಬೀಗ ತೆಗೆದು, ಸೈಕಲ್ಲನ್ನು ನಿಮ್ಮ ರವೀಂದ್ರನಗರದ ಮನೆಗೆ ಸಾಗಿಸಿಕೊಂಡು ಹೋದಳು. "ಅಪ್ಪ ತುಳಿಯಂಗಿಲ್ಲ. ಹೆಸರು ಕೊಟ್ಟಾಗಿದೆ ಅಂದ್ಮೇಲೆ ನಮ್ಮನೆಯವ್ರು ತುಳೀತಾರೆ" ಅಂದಳು. ನಿಮ್ಮನ್ನು ಕೇಳಿಯೇ ಅಂದಿರಬೇಕು.

ವಿಷಯ ಪೂರ್ತಿ ಗೊತ್ತಿರಲಿ. ಹೊಳಲೂರಿನ ಶೇಷಪ್ಪ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನನ್ನ ರಿಲೀವರ್. ನನ್ನ ಶಿಫ್ಟ್ ಮುಗಿದಾಗ ಬಂದು ನನ್ನನ್ನು ಡ್ಯೂಟಿಯಿಂದ ಬಿಡಿಸಿ ಮನೆಗೆ ಕಳಿಸ್ತಿದ್ದವನು. ಈಗ ಅವನ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆ ಮೂರು ದಿನ ಶಿವಮೊಗ್ಗದಲ್ಲಿ ಡಯಾಲಿಸಿಸ್. ಆ ಕಡೆ ಹಳ್ಳಿಗಳಲ್ಲಿ ಅವನಂಥವರು ಇನ್ನೂ ಐದು ಜನ ಇದ್ದಾರೆ. ಬಸ್ಸು ತಪ್ಪಿದರೆ ಆಸ್ಪತ್ರೆಯ ಪಾಳಿಯೂ ತಪ್ಪುತ್ತೆ. ಇವರನ್ನು ಕರೆದುಕೊಂಡು ಹೋಗಿ ಬರೋಕೆ ಒಂದು ವ್ಯಾನು ದಾನ ಬಂದಿದೆ, ಡೀಸೆಲ್ ಬಂದಿಲ್ಲ. ಮಾಚೇನಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಕೊಟ್ರಬಸಪ್ಪ ಒಂದು ಮಾತು ಹೇಳಿದ್ದಾರೆ. ಆಗಸ್ಟ್ ಹದಿನೈದಕ್ಕೆ ಹನ್ನೆರಡು ಜನ ಭದ್ರಾವತಿಯಿಂದ ಹೊರಟು, ಶಿವಮೊಗ್ಗದ ಮೇಲೆ ಹೊನ್ನಾಳಿಗೆ ಹೋಗಿ, ವಾಪಸ್ ಶಿವಮೊಗ್ಗಕ್ಕೆ ಸೈಕಲ್ ತುಳೀಬೇಕು. ಒಟ್ಟು ನೂರು ಕಿಲೋಮೀಟರ್. ಒಬ್ಬ ಮುಗಿಸಿದರೆ ಒಂದು ತಿಂಗಳ ಡೀಸೆಲ್ ಅವರು ಹಾಕಿಸ್ತಾರೆ. ಯಾರಿಗೆ ಯಾವ ತಿಂಗಳು ಅಂತ ಚೀಟಿ ಎತ್ತಿದ್ದೂ ಆಯಿತು. ನನಗೆ ಬಂದದ್ದು ಫೆಬ್ರವರಿ. ಈಗ ಅದು ನಿಮ್ಮದು. ನೀವು ಮುಗಿಸದಿದ್ದರೆ ಆ ತಿಂಗಳು ವ್ಯಾನು ಶೆಡ್ಡಿನಲ್ಲಿ, ಶೇಷಪ್ಪ ಬಸ್ ಸ್ಟ್ಯಾಂಡಿನಲ್ಲಿ.

ಒಂದು ಷರತ್ತು. ಪ್ರತಿ ಭಾನುವಾರ ಬೆಳಗ್ಗೆ ಮಾಚೇನಹಳ್ಳಿವರೆಗೆ ತುಳಿದು ವಾಪಸ್ ಹೋಗಬೇಕು. ವರದಿಯನ್ನು ಕಾಗದದಲ್ಲಿ ಬರೆದು ಪೋಸ್ಟ್ ಮಾಡಬೇಕು. ಫೋನ್ ಬೇಡ. ಮೂವತ್ನಾಲ್ಕು ವರ್ಷ ಶಿಫ್ಟ್ ಲಾಗ್ ಬರೆದವನು ನಾನು. ಏನಾಯಿತು, ಎಷ್ಟು ಗಂಟೆಗಾಯಿತು, ಏನು ಉಳಿಯಿತು, ಅಷ್ಟೇ. ಬಾಯಲ್ಲಿ ಹೇಳಿದ್ದಕ್ಕೆ ನಮ್ಮಲ್ಲಿ ಕಿಮ್ಮತ್ತಿರಲಿಲ್ಲ. ಕೊನೆಗೆ ಕೊಟ್ರಬಸಪ್ಪನವರ ಫಾರ್ಮಿನಲ್ಲಿ ನಿಮ್ಮ ಸಾಕ್ಷಿ ಅಂತ ಸಹಿ ಹಾಕಬೇಕಾದವನೂ ನಾನೇ.

ಚೈನಿಗೆ ಎಣ್ಣೆ ಬಿಟ್ಟಿದ್ದೀನಿ.

ಮುರುಗೇಶಪ್ಪ


ಶಿವಮೊಗ್ಗ
30 ಜೂನ್ 2025

ಪೂಜ್ಯ ಮಾವನವರ ಸನ್ನಿಧಿಗೆ,

ಎರಡು ಸಾವಿರದ ಇಪ್ಪತ್ತೈದನೇ ಇಸವಿ ಜೂನ್ ಮಾಹೆ ಇಪ್ಪತ್ತೊಂಬತ್ತನೇ ತಾರೀಖು ಭಾನುವಾರದ ದಿವಸ, ಶಿವಮೊಗ್ಗ ಟೌನ್ ರವೀಂದ್ರನಗರ ವಾಸಿ, ವೃತ್ತಿಯಲ್ಲಿ ಜಮೀನು ದಸ್ತಾವೇಜುಗಳ ಪತ್ರ ಬರಹಗಾರ, ವಯಸ್ಸು ನಲವತ್ತಾರು, ತೂಕ ಎಂಬತ್ತೊಂಬತ್ತು ಕೆಜಿ ಉಳ್ಳ ನಿರಂಜನನಾದ ನಾನು, ಯಾರ ಬಲವಂತಕ್ಕೂ ಒಳಗಾಗದೆ (ಸುಮನಾಳದ್ದು ಬಲವಂತವಲ್ಲ, ಹವಾಮಾನ) ಸ್ವಸ್ಥಚಿತ್ತದಿಂದ ಬರೆದು ಕಳಿಸುವ ಸೈಕಲ್ ವರದಿ ಏನೆಂದರೆ:

ಸದರಿ ಸೈಕಲ್ಲು ತಮ್ಮ ಕಾರ್ಖಾನೆಯ ಉಕ್ಕಿನಿಂದಲೇ ಆಗಿರಬೇಕು. ಅದನ್ನು ಗೇಟಿನಿಂದ ಹೊರಗೆ ತರುವಷ್ಟರಲ್ಲಿ ಅರ್ಧ ತರಬೇತಿ ಮುಗಿದಿತ್ತು. ಎದುರುಮನೆಯ ವಿದ್ಯಾಶ್ರೀ ಮೇಡಂ ಕಾಂಪೌಂಡಿನಿಂದ ಇಣುಕಿ, "ಏನ್ರೀ, ಕಾರು ರಿಪೇರಿಗೆ ಕೊಟ್ರಾ?" ಎಂದು ಕನಿಕರದಿಂದ ವಿಚಾರಿಸಿದರು. ತದನಂತರ ತುಂಗಾ ಸೇತುವೆ, ವಿದ್ಯಾನಗರ, ಮಲವಗೊಪ್ಪ, ನಿದಿಗೆ ಮಾರ್ಗವಾಗಿ ಮಾಚೇನಹಳ್ಳಿ ತಲುಪಿದೆನು. ನಾನು ವಿಶ್ರಮಿಸಿದ ಜಾಗದ ಚಕ್ಕುಬಂದಿ: ಪೂರ್ವಕ್ಕೆ ಟೀ ಅಂಗಡಿ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ, ಉತ್ತರಕ್ಕೆ ಮಲಗಿದ್ದ ಎಮ್ಮೆ, ದಕ್ಷಿಣಕ್ಕೆ ಯಾವುದೋ ವರ್ಕ್‌ಶಾಪಿನ ಗೋಡೆ. ಈ ಮಧ್ಯೆ ಇರುವ ಸೊತ್ತು ನಾನು.

ತಾವು ನಿಶ್ಚಿಂತೆಯಿಂದಿರಬೇಕು. ಫೆಬ್ರವರಿ ಸುರಕ್ಷಿತ ಕೈಗಳಲ್ಲಿದೆ. ಕಾಲುಗಳ ವಿಷಯ ಮುಂದಿನ ವಾರ.

ತಮ್ಮ ಆಶೀರ್ವಾದಕ್ಕೂ ಅಯೊಡೆಕ್ಸಿಗೂ ಕಾದಿರುವ,
ನಿರಂಜನ


ಶಿವಮೊಗ್ಗ
7 ಜುಲೈ 2025

ಪೂಜ್ಯ ಮಾವನವರಿಗೆ,

ಮೊದಲ ವರದಿಗೆ ತಮ್ಮಿಂದ ಉತ್ತರವಿಲ್ಲ. ಮೌನವನ್ನು ಮೆಚ್ಚುಗೆ ಎಂದು ತಿಳಿದಿದ್ದೇನೆ.

ಆರನೇ ತಾರೀಖು ಭಾನುವಾರದ ಮಳೆಯನ್ನು ಏನೆಂದು ಬಣ್ಣಿಸಲಿ! ಸೇತುವೆಯ ಮೇಲೆ ಹನಿ, ಮಲವಗೊಪ್ಪದಲ್ಲಿ ಧಾರೆ, ನಿದಿಗೆಯಲ್ಲಿ ಜಡಿ, ಮಾಚೇನಹಳ್ಳಿಯಲ್ಲಿ ಪ್ರಳಯ. ಕನ್ನಡಕಕ್ಕೆ ವೈಪರ್ ಇಲ್ಲದ ಕೊರತೆ ಅಂದು ತಿಳಿಯಿತು. ಲಾರಿಗಳು ನನ್ನ ಮೇಲೆ ಎರಚಿದ ಕೆಸರನ್ನು ಒಟ್ಟು ಮಾಡಿದ್ದರೆ ಒಂದು ಸೈಟು ಲೆವೆಲ್ ಮಾಡಬಹುದಿತ್ತು. ಟೀ ಅಂಗಡಿಯವನು, "ಏನ್ ಸಾರ್, ಈ ಮಳೇಲಿ ಸೈಕಲ್ಲಾ? ಮನೇಲೇನಾದ್ರೂ ಜಗಳಾನಾ?" ಅಂದ. "ಇಲ್ಲ ಮಾರಾಯ, ಫೆಬ್ರವರಿ" ಅಂದೆ. ಅವನು ಟೀಗೆ ಶುಂಠಿ ಜಾಸ್ತಿ ಹಾಕಿ ಕೊಟ್ಟ.

ನೆನೆದು ತೊಪ್ಪೆಯಾಗಿದ್ದರೂ ಕರ್ತವ್ಯದಲ್ಲಿ ಒಣಗಿರುವ,
ನಿರಂಜನ


ಭದ್ರಾವತಿ
10 ಜುಲೈ 2025

ನಿರಂಜನ,

ಕಾಗದ ಎರಡೂ ತಲುಪಿವೆ.

ಆರನೇ ತಾರೀಖು, ಮಾಚೇನಹಳ್ಳಿ ಬಸ್ ಸ್ಟಾಪು, ಬೆಳಗ್ಗೆ ಆರೂಕಾಲಿನಿಂದ ಒಂಬತ್ತೂವರೆ.
ಮಳೆ: ಇಲ್ಲ.
ರಸ್ತೆ: ಒಣಗಿದೆ. ಲಾರಿ ಹೋದರೆ ಧೂಳು.
ಟೀ ಅಂಗಡಿ: ಬೀಗ. ಮಾಲೀಕ ಊರಿಗೆ ಹೋಗಿ ನಾಲ್ಕು ದಿನ.
ಸೈಕಲ್ ಸವಾರರು: ಇಬ್ಬರು. ಇಬ್ಬರೂ ಹಾಲಿನವರು.

ಹಿಂದಿನ ಭಾನುವಾರವೂ ಹೆಚ್ಚುಕಡಿಮೆ ಹೀಗೇ. ಹೇಗೆ ಗೊತ್ತು ಅಂತ ಕೇಳಬೇಡ. ನೀನು ಕಾಣದ ಜಮೀನಿಗೆ ಚಕ್ಕುಬಂದಿ ಬರೆದು ಅಭ್ಯಾಸ ಆದವನು, ಅದು ನಿನ್ನ ಕಸುಬು. ಕಾಣದ ಮಳೆಗೂ ಬರೀಬೇಡ. ಮತ್ತೆ, ಇನ್ನು 'ನೀವು' ಇಲ್ಲ. ಟ್ರೈನಿಂಗಿನಲ್ಲಿ ಇರೋವನಿಗೆ ಯಾರೂ ಬಹುವಚನ ಕೊಡಲ್ಲ.

ಮುರುಗೇಶಪ್ಪ


ಶಿವಮೊಗ್ಗ
14 ಜುಲೈ 2025

ಮಾವನವರಿಗೆ,

ತಮ್ಮ ಕಾಗದ ಶನಿವಾರ ಬಂತು. ಓದಿದ ಮೇಲೆ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಕೋಪ. ಮಾಚೇನಹಳ್ಳಿಯಲ್ಲಿ ತಮ್ಮದೊಂದು ಗೂಢಚಾರ ಪಡೆಯಿದೆ ಎಂದು ತೀರ್ಮಾನಿಸಿದೆ. ಹಾಲಿನವರ ಮೇಲೆ ಅನುಮಾನ ಬಂತು. ಸಿಟಿ ಬಸ್ ಕಂಡಕ್ಟರುಗಳ ಮೇಲೆ ಬಂತು. ನಾನೇ ಸೃಷ್ಟಿಸಿದ ಎಮ್ಮೆಯ ಮೇಲೂ ಬಂತು. ಆ ಗೂಢಚಾರನನ್ನು ಕೈಯಾರೆ ಹಿಡಿಯಲೇಬೇಕೆಂಬ ಒಂದೇ ಹಟದಿಂದ ನಿನ್ನೆ ಭಾನುವಾರ ಆರು ಗಂಟೆಗೆ ಹೊರಟು, ನಡುವೆ ನಾಲ್ಕು ಸಲ ನಿಂತು, ಏಳೂಮುಕ್ಕಾಲಿಗೆ ಮಾಚೇನಹಳ್ಳಿ ತಲುಪಿದೆ. ಜೀವನದಲ್ಲಿ ಮೊದಲ ಸಲ ತಲುಪಿದೆ. ನಿನ್ನೆ ಮಳೆ ನಿಜಕ್ಕೂ ಇತ್ತು.

ಬಸ್ ಸ್ಟಾಪಿನಲ್ಲಿ ಗೂಢಚಾರ ನಿಂತಿದ್ದ. ವಯಸ್ಸು ಅರವತ್ತೇಳರ ಸುಮಾರು. ಕಪ್ಪು ಛತ್ರಿ, ಮಂಕಿ ಕ್ಯಾಪು, ಮೊಣಕಾಲವರೆಗೆ ಮಡಚಿದ ಪ್ಯಾಂಟು, ಕೈಯಲ್ಲಿ ಗಡಿಯಾರ ಬಿಚ್ಚಿ ಹಿಡಿದುಕೊಂಡಿದ್ದ. ಶಿವಮೊಗ್ಗದ ಕಡೆಯಿಂದ ಬರುವ ಪ್ರತಿಯೊಂದು ಸೈಕಲ್ಲಿಗೂ ಕತ್ತು ಉದ್ದ ಮಾಡುತ್ತಿದ್ದ. ನಾನು ವರ್ಕ್‌ಶಾಪಿನ ಗೋಡೆಯ ಹಿಂದಿನಿಂದ ಹತ್ತು ನಿಮಿಷ ನೋಡಿದೆ. ಮಾತಾಡಿಸುವ ಧೈರ್ಯವಾಗದೆ ಹಾಗೆಯೇ ತಿರುಗಿ ಬಂದೆ.

ಸದರಿ ಗೂಢಚಾರ ಮಳೆಯಲ್ಲಿ ಮನೆಯಿಂದ ಹೊರಗೆ ಬರಲೇಬಾರದೆಂದು ಡಾಕ್ಟರು ಹೇಳಿದ್ದು ನನಗೆ ನೆನಪಿದೆ. ಸುಮನಾಳಿಗೆ ನಾನು ಏನೂ ಹೇಳಿಲ್ಲ. ಹೇಳುವುದಿಲ್ಲ ಎಂದೂ ಬರೆದುಕೊಡುತ್ತಿಲ್ಲ.

ನನ್ನ ಕಡೆಯ ತಪ್ಪೊಪ್ಪಿಗೆ: ಮೊದಲೆರಡು ಭಾನುವಾರ ಸೇತುವೆ ದಾಟಿ ವಿದ್ಯಾನಗರದ ಹೋಟೆಲಿನವರೆಗೆ ಮಾತ್ರ ಹೋಗಿದ್ದೆ. ತಟ್ಟೆ ಇಡ್ಲಿ, ಎರಡು ಪ್ಲೇಟು. ಮಳೆ ಅಲ್ಲಿತ್ತು. ಅದು ಮಾಚೇನಹಳ್ಳಿಯವರೆಗೂ ಬಂದೇ ಬರುತ್ತದೆಂದು ನಂಬಿದ್ದು ನನ್ನ ತಪ್ಪು.

ನಿರಂಜನ


ಭದ್ರಾವತಿ
18 ಜುಲೈ 2025

ನಿರಂಜನ,

ಏಳು ಐವತ್ತರ ಹೊತ್ತಿಗೆ ಗೋಡೆ ಹಿಂದಿನಿಂದ ಯಾರೋ ಮೂರು ಸಲ ಸೀನಿದ್ದು ಕೇಳಿಸಿತ್ತು. ನೀನೇ ಅಂತ ಗೊತ್ತಾಗಲಿಲ್ಲ. ಸೈಕಲ್ಲಿನ ಹಿಂದಿನ ಚಕ್ರ ಕಾಣ್ತಿತ್ತು. ನನ್ನ ಸೈಕಲ್ಲಿನ ಚಕ್ರ ನನಗೇ ಗೊತ್ತಾಗಲಿಲ್ಲ ಅಂದ್ರೆ ನಾನೂ ಮುದುಕನಾದೆ.

ಬರೋದು ಬಸ್ಸಿನಲ್ಲೇ. ನಿಮ್ಮ ಅತ್ತೆಗೆ ವಾಕಿಂಗ್ ಅಂತ ಹೇಳ್ತೀನಿ. ಸುಳ್ಳಲ್ಲ, ಬಸ್ ಸ್ಟ್ಯಾಂಡಿನವರೆಗೆ ನಡೀತೀನಲ್ಲ. ಇನ್ನು ಬರಲ್ಲ. ನೀನು ಸುಮನಾಳಿಗೆ ಹೇಳಬೇಡ, ನಾನು ಇಡ್ಲಿ ವಿಷಯ ಎತ್ತಲ್ಲ. ಚುಕ್ತಾ.

ನಿನ್ನೆ ಗುರುವಾರ ಹೊಳಲೂರಿನ ಬೆಳಗಿನ ಬಸ್ಸು ಬರಲಿಲ್ಲ. ಮರ ಬಿದ್ದಿತ್ತಂತೆ. ಶೇಷಪ್ಪ ಮಧ್ಯಾಹ್ನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನ ಮೆಷಿನ್ನು ಇನ್ನೊಬ್ಬರಿಗೆ ಕೊಟ್ಟಾಗಿತ್ತು. ವಾಪಸ್ ಕಳಿಸಿದ್ದಾರೆ. ಫೋನ್ ಮಾಡಿದ್ದ. ಕಾಲು ಊದಿಕೊಂಡು ಚಪ್ಪಲಿ ಹಿಡೀತಿಲ್ಲವಂತೆ. "ಬರಿಗಾಲಲ್ಲಿ ನಡೆಯೋದು ಆರೋಗ್ಯಕ್ಕೆ ಒಳ್ಳೇದು ಕಣೋ" ಅಂತ ನಗ್ತಾನೆ.

ಈ ಭಾನುವಾರದಿಂದ ನೀನು ಮಾಚೇನಹಳ್ಳಿ ಕಡೆ ಬರಬೇಡ. ಹೊಳಲೂರು ಕಡೆ ತುಳಿ. ಅವನನ್ನು ನೋಡಿ ಬಾ.

ಮುರುಗೇಶಪ್ಪ


ಶಿವಮೊಗ್ಗ
4 ಆಗಸ್ಟ್ 2025

ಮಾವನವರಿಗೆ,

ಮೂರು ಭಾನುವಾರದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ಬರೆಯಲು ಕೈ ಬರುತ್ತಿರಲಿಲ್ಲ. ಹ್ಯಾಂಡಲ್ ಹಿಡಿದು ಮರಗಟ್ಟಿತ್ತು.

ಜುಲೈ ಇಪ್ಪತ್ತು: ಹೊಳಲೂರು ಮುಟ್ಟಲಿಲ್ಲ. ಇಪ್ಪತ್ತೇಳು: ಮುಟ್ಟಿದೆ, ವಾಪಸ್ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿ ಬಂದೆ. ನಿನ್ನೆ: ಹೋಗಿ ಬಂದೆ, ಎರಡೂ ತುಳಿದೇ. ಮಳೆ ಹೋಗುವಾಗ ಎದುರಿನಿಂದ. ಬರುವಾಗಲೂ ಎದುರಿನಿಂದ. ಇದು ಹೇಗೆ ಸಾಧ್ಯ ಎಂದು ತಮ್ಮ ಮಗಳನ್ನು ಕೇಳಿದೆ. "ನಿಮ್ಮ ಮುಖ ನೋಡ್ಬೇಕು ಅಂತ ಅದಕ್ಕೂ ಆಸೆ ಇರಬೌದು" ಅಂದಳು.

ಶೇಷಪ್ಪನವರ ಮನೆಯಲ್ಲಿ ಕೂತಿದ್ದೆ. ನನಗೆ ಚೊಂಬು ತುಂಬ ಮಜ್ಜಿಗೆ ಕೊಟ್ಟರು. ಅವರು ಮಾತ್ರ ಅರ್ಧ ಲೋಟ ನೀರು ಮುಂದಿಟ್ಟುಕೊಂಡು ನೋಡುತ್ತಾ ಕೂತರು. ಕಿಡ್ನಿಯ ಪಥ್ಯ, ಸಂಜೆಯವರೆಗೆ ಅಷ್ಟೇ ಅಂತೆ. ಹೊರಗೆ ಸೂರಿನಿಂದ ನೀರು ಸುರಿಯುತ್ತಿತ್ತು. "ನೋಡಿ, ಊರಿಗೆಲ್ಲ ಇಷ್ಟು ಕೊಟ್ಟು ನಂಗೆ ಮಾತ್ರ ಅಳತೆ" ಅಂದರು. ಆಮೇಲೆ ತಮ್ಮ ವಿಷಯ ಬಂತು.

"ನಿಮ್ಮ ಮಾವ ಒಂದು ದಿನಾನೂ ಲಾಗಲ್ಲಿ ಸುಳ್ಳು ಬರೆದೋನಲ್ಲ ಕಣ್ರೀ. ಒಂದ್ಸಲ ನಲವತ್ತು ನಿಮಿಷ ತಡ ಬಂದೆ. ಬರೆದೇಬಿಟ್ಟ. ನಂಗೆ ಮೆಮೋ ಬಂತು."

"ಜಗಳ ಆಡಲಿಲ್ವಾ?" ಎಂದೆ.

"ಆಡೋಕೆ ಬಿಡಬೇಕಲ್ಲ! ಆ ಮೆಮೋಗೆ ಉತ್ತರ ಬರ್ಕೊಟ್ಟೋನೂ ಅವನೇ."

ಮಜ್ಜಿಗೆ ಪೂರ್ತಿ ಕುಡಿಯಲಾಗಲಿಲ್ಲ. ಒಳಗೆ ಕೊಟ್ಟು ಬಂದೆ.

ನಿರಂಜನ


ಭದ್ರಾವತಿ
11 ಆಗಸ್ಟ್ 2025

ನಿರಂಜನ,

ನಲವತ್ತು ನಿಮಿಷ ಅಲ್ಲ, ಮೂವತ್ತೆಂಟು. ಅವನು ಯಾವಾಗಲೂ ಎರಡು ನಿಮಿಷ ಸೇರಿಸಿ ಹೇಳೋದು, ಕಥೆ ದುಂಡಗೆ ಆಗ್ಲಿ ಅಂತ.

ಹದಿನೈದಕ್ಕೆ ಮೂರು ಮಾತು ಹೇಳ್ತೀನಿ. ಒಂದು, ಬೇರೆ ಹನ್ನೊಂದು ಜನರದ್ದೂ ಗೇರ್ ಸೈಕಲ್ಲು, ಮೈಗಂಟಿದ ಬಣ್ಣದ ಬಟ್ಟೆ. ಅವರನ್ನು ನೋಡಬೇಡ. ನೋಡಿದ್ರೆ ಓಡಿಸಬೇಕು ಅನ್ಸುತ್ತೆ. ಎರಡು, ಹೊನ್ನಾಳಿಯಲ್ಲಿ ಊಟ ಇಟ್ಟಿರ್ತಾರೆ. ಚಿತ್ರಾನ್ನ, ಕೇಸರಿಬಾತು. ನಿನ್ನನ್ನು ನಾನು ಬಲ್ಲೆ. ಬಾಳೆಹಣ್ಣು ಎರಡು, ಅಷ್ಟೇ. ಮೂರನೇದು ಏನೋ ಇತ್ತು, ಬರೆಯೋವಷ್ಟರಲ್ಲಿ ನಿಮ್ಮ ಅತ್ತೆ ಮಾತ್ರೆ ತಗೊಂಡು ಬಂದಳು, ಮರೆತೆ. ಈ ಮಾತ್ರೆ ತಗೊಂಡ ಮೇಲೆ ನನಗೆ ಎಲ್ಲಾ ಸರಿ ಅನ್ಸುತ್ತೆ, ಅದೇ ಸರಿ ಇಲ್ಲ.

ಮಳೆ ನಿಲ್ಲೋ ಲಕ್ಷಣ ಇಲ್ಲ. ಹವಾಮಾನದವರು ಹಳದಿ ಅಂತಾರೆ, ಕಿತ್ತಳೆ ಅಂತಾರೆ, ಬಣ್ಣ ಯಾವುದಾದರೂ ನೆನೆಯೋದು ನೀನೇ. ಹೊರಡುವಾಗ ಭದ್ರಾವತಿಯಲ್ಲಿ ನಾನು ಬರಲ್ಲ, ಸುಮನಾ ಬಿಡಲ್ಲ. ಮುಗಿಸೋ ಕಡೆ, ಶಿವಮೊಗ್ಗದಲ್ಲಿ ಇರ್ತೀನಿ. ಹಾರ ತರ್ತೀನಿ. ಹಾರ ವಾಪಸ್ ತಗೊಂಡು ಹೋಗೋ ಹಾಗೆ ಮಾಡಬೇಡ.

ಮುರುಗೇಶಪ್ಪ


ಶಿವಮೊಗ್ಗ
18 ಆಗಸ್ಟ್ 2025

ಮಾವನವರಿಗೆ,

ಹಾರ ಹಾಕಿದಿರಿ. ಫೋಟೋ ತೆಗೆಸಿದಿರಿ. ಕೊಟ್ರಬಸಪ್ಪನವರು ಬೆನ್ನು ತಟ್ಟಿದರು. ಹನ್ನೆರಡೂ ಜನ ಮುಗಿಸಿದರೆಂದು ಮೈಕಿನಲ್ಲಿ ಹೇಳಿದರು.

ಹನ್ನೊಂದು ಜನ ಮುಗಿಸಿದ್ದಾರೆ.

ಹೊನ್ನಾಳಿಯಿಂದ ವಾಪಸ್ ಬರುವಾಗ, ಚೀಲೂರಿಗೆ ಮುಂಚೆ ಒಂದು ಮೋರಿಯ ಹತ್ತಿರ ಎರಡೂ ತೊಡೆ ಹಿಡಿದುಕೊಂಡವು. ಕೂತೆ. ಏಳಲು ಆಗಲಿಲ್ಲ. ಮಳೆ ಹೊಡೆಯುತ್ತಿತ್ತು, ಹಿಂದೆ ಮುಂದೆ ಯಾರೂ ಇರಲಿಲ್ಲ. ಶಿವಮೊಗ್ಗದ ಕಡೆ ಹೋಗುವ ಒಂದು ಟೆಂಪೋ ನಿಂತಿತು. ಕೋಳಿ ಇಳಿಸಿ ಬರುತ್ತಿದ್ದ ಖಾಲಿ ಗಾಡಿ. ಡ್ರೈವರು, "ಬರ್ರೀ ಸಾರ್, ಸಾಯ್ತೀರಾ" ಅಂದ. ಸೈಕಲ್ಲನ್ನು ಹಿಂದೆ ಹಾಕಿದ. ನಾನು ಕೋಳಿ ಗೂಡುಗಳ ನಡುವೆ ಕೂತೆ. ಹೊಳಲೂರು ಬಸ್ ಸ್ಟ್ಯಾಂಡಿಗೆ ಇನ್ನೊಂದು ತಿರುವು ಇರುವಾಗ ಇಳಿದೆ. ಹನ್ನೊಂದು ಕಿಲೋಮೀಟರ್. ಆಮೇಲಿನದ್ದು ತುಳಿದದ್ದೇ.

ಬಸ್ ಸ್ಟ್ಯಾಂಡಿನಲ್ಲಿ ಶೇಷಪ್ಪನವರು ನಿಂತಿದ್ದರು. ನಾನು ತುಳಿದುಕೊಂಡು ಬರುವುದನ್ನು ಕಂಡು ಛತ್ರಿಯನ್ನು ಕೆಳಗಿಟ್ಟು ಎರಡು ಕೈಯಿಂದ ಚಪ್ಪಾಳೆ ತಟ್ಟಿದರು. ಛತ್ರಿ ಕೆಳಗಿಟ್ಟದ್ದರಿಂದ ನೆನೆದರು.

ಬಟ್ಟೆ ಒಗೆಯುವಾಗ ಸುಮನಾಳಿಗೆ ಕಾಲರಿನೊಳಗೆ ಒಂದು ಪುಕ್ಕ ಸಿಕ್ಕಿತು. ಪ್ರಕೃತಿಯ ಮಡಿಲಲ್ಲಿ ಹೋಗಿದ್ದೆನಲ್ಲ ಎಂದೆ. ಅವಳು ನಂಬಲಿಲ್ಲ, ಕೇಳಲೂ ಇಲ್ಲ.

ಸಹಿ ಹಾಕುವ ಮೊದಲು ತಮಗೆ ಗೊತ್ತಿರಲಿ ಎಂದು ಬರೆದೆ. ಹಾಕಿದರೆ ಸುಳ್ಳಾಗುತ್ತದೆ. ಹಾಕದಿದ್ದರೆ ಫೆಬ್ರವರಿ ಹೋಗುತ್ತದೆ. ನನಗೆ ಎರಡರಲ್ಲಿ ಯಾವುದನ್ನು ಕೇಳಬೇಕೆಂದು ತಿಳಿಯುತ್ತಿಲ್ಲ.

ನಿರಂಜನ


ಭದ್ರಾವತಿ
22 ಆಗಸ್ಟ್ 2025

ನಿರಂಜನ,

ಪುಕ್ಕ ನಾನೂ ನೋಡಿದ್ದೆ. ಹಾರ ಹಾಕುವಾಗ ಕತ್ತಿನ ಹಿಂದೆ ಇತ್ತು. ಅದರ ಮೇಲೇ ಹಾರ ಹಾಕಿದೆ.

ಆರು ದಿನದಿಂದ ಫಾರ್ಮು ಟೀವಿ ಮೇಲೆ ಇದೆ. ನಾಲ್ಕು ಸಲ ಪೆನ್ನಿನ ಕ್ಯಾಪು ತೆಗೆದೆ. ಹಾಕೋದು ಅಂತಲೇ ತೀರ್ಮಾನ ಮಾಡಿದ್ದೆ, ತಿಳ್ಕೋ. ಮೂವತ್ನಾಲ್ಕು ವರ್ಷ ಬರೆಯದ್ದನ್ನು ಶೇಷಪ್ಪನಿಗೋಸ್ಕರ ಒಂದು ಸಲ ಬರೆದರೆ ಏನಾಗುತ್ತೆ ಅಂತ. ನಿನ್ನನ್ನು ಒಂದು ಮಾತೂ ಕೇಳಬಾರದು, ಕೇಳಿದ್ರೆ ನೀನು ಹೇಳಿಬಿಡ್ತೀಯ ಅಂತ ಸುಮ್ಮನಿದ್ದೆ. ಈಗ ನೀನೇ ಬರೆದು ಕಳಿಸಿ ನನ್ನ ಕೆಲಸ ಕೆಡಿಸಿದೆ ಮಾರಾಯ. ಒಂದೂವರೆ ತಿಂಗಳ ಹಿಂದೆ ಇಲ್ಲದ ಪ್ರಳಯ ಬರೆದವನಿಗೆ ಈಗಲೇ ಸತ್ಯ ಬರಬೇಕಿತ್ತಾ?

ನಿನ್ನೆ ಕನ್ನಡಕ ಹಾಕಿಕೊಂಡು ಫಾರ್ಮು ಪೂರ್ತಿ ಓದಿದೆ. 'ಸದರಿಯವರು ನಿಗದಿತ ದಾರಿಯ ನೂರು ಕಿಲೋಮೀಟರನ್ನು ಆಗಸ್ಟ್ ತಿಂಗಳಲ್ಲಿ ಸೈಕಲ್ ತುಳಿದು ಪೂರೈಸಿದ್ದನ್ನು ಸಾಕ್ಷಿಯಾಗಿ ಕಂಡಿದ್ದೇನೆ' ಅಂತಿದೆ. ಒಂದೇ ದಿನದಲ್ಲಿ ಅಂತ ಇಲ್ಲ. ಆದ್ರೂ ನಾನೇ ಅರ್ಥ ಮಾಡಿಕೊಂಡು ಸಹಿ ಹಾಕೋದು ಬೇಡ ಅಂತ ಕೊಟ್ರಬಸಪ್ಪನವರ ವರ್ಕ್‌ಶಾಪಿಗೇ ಹೋದೆ. ಕೋಳಿ, ಟೆಂಪೋ, ಎಲ್ಲಾ ಹೇಳಿದೆ. ಬಹಳ ಹೊತ್ತು ನಕ್ಕರು. ಆಮೇಲೆ, "ಉಳಿದಿದ್ದನ್ನ ಮೂವತ್ತೊಂದರೊಳಗೆ ತುಳಿಸ್ರಿ. ಆದ್ರೆ ಈ ಸಲ ಕಣ್ಣಾರೆ ನೋಡಿ ಸಹಿ ಹಾಕ್ರಿ ಮಾರಾಯ್ರೆ" ಅಂದರು.

ಮೂವತ್ತೊಂದು ಭಾನುವಾರ. ಆಟೋ ಸಿದ್ದುಗೆ ಹೇಳಿದ್ದೀನಿ. ಬೆಳಗ್ಗೆ ಏಳಕ್ಕೆ ಆ ಮೋರಿ ಹತ್ತಿರ ಇರು. ನಾನು ನಿನ್ನ ಹಿಂದೆ ಆಟೋದಲ್ಲಿ ಬರ್ತೀನಿ. ಶೇಷಪ್ಪನೂ ಬರ್ತಾನಂತೆ. ಅವನಿಗೆ ಎಲ್ಲಾ ಹೇಳಿದ್ದೀನಿ. "ಹಂಗಾದ್ರೆ ನನ್ನ ಚಪ್ಪಾಳೆ ಅವತ್ತು ಅಡ್ವಾನ್ಸ್ ಅಂತ ಇಟ್ಕೊಳ್ಳಲಿ" ಅಂದ.

ಹಬ್ಬದ ಕಡುಬು ಹಿಡಿತದಲ್ಲಿ ತಿನ್ನು. ಸುಮನಾಳಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.

ಮುರುಗೇಶಪ್ಪ


ಶಿವಮೊಗ್ಗ
1 ಸೆಪ್ಟೆಂಬರ್ 2025

ಮಾವನವರಿಗೆ,

ನೀವೂ ಅಲ್ಲೇ ಇದ್ದಿರಿ. ಆದರೂ ಬರೆದು ಕಳಿಸು ಎಂದಿರಿ. ನೀವು ನೋಡದ ಭಾಗವೂ ಇರುವುದರಿಂದ ಬರೆಯುತ್ತಿದ್ದೇನೆ.

7.05: ಮೋರಿಯಿಂದ ಹೊರಟೆ. ಮಳೆ ಸಾಧಾರಣ. ಹಿಂದೆ ಆಟೋ. ಒಳಗೆ ನೀವು, ಶೇಷಪ್ಪನವರು.

7.16: ಚೈನು ಕಳಚಿತು. ಹಾಕಿದೆ. ನಾಲ್ಕು ನಿಮಿಷ.

7.28: ತಿರುಗಿ ನೋಡಿದೆ. ನಿಮ್ಮ ತಲೆ ಆಟೋದ ಕಂಬಿಗೆ ಒರಗಿತ್ತು. ಗಾಳಿಗೆ ಇರಬಹುದೆಂದು ಮುಂದೆ ಹೋದೆ.

7.39: ಮತ್ತೆ ನೋಡಿದೆ. ಬಾಯಿ ತೆರೆದಿತ್ತು. ಬೆಳಗಿನ ಮಾತ್ರೆಯ ಮಂಪರು. ಶೇಷಪ್ಪನವರು ನನ್ನ ಕಡೆ ಕೈ ಬೀಸಿ, ಹೋಗು ಹೋಗು ಎಂದು ಸನ್ನೆ ಮಾಡಿದರು.

7.40: ಇಳಿದೆ. ಆಟೋ ನಿಲ್ಲಿಸಿದೆ. ಶೇಷಪ್ಪನವರು ಮೆಲ್ಲಗೆ, "ನಾನು ನೋಡಿದ್ದೀನಲ್ಲ, ಬಿಡ್ರಿ" ಅಂದರು. ಫಾರ್ಮಿನಲ್ಲಿ ಸಾಕ್ಷಿ ಅಂತ ಅವರ ಹೆಸರಿಲ್ಲ ಎಂದೆ. ಸಿದ್ದು, "ಸಾರ್, ಅಜ್ಜ ಮಲಗಿದ್ದು ಮೂರು ಕಿಲೋಮೀಟ್ರು ಅಷ್ಟೇ, ಯಾರಿಗ್ ಗೊತ್ತಾಗುತ್ತೆ?" ಅಂದ.

7.42: ನಿಮ್ಮನ್ನು ಎಬ್ಬಿಸಿದೆ. ನಿದ್ದೆ ಮಾಡಿಲ್ಲ, ಕಣ್ಣು ಮುಚ್ಚಿದ್ದೆ ಎಂದಿರಿ. ಆಟೋ ತಿರುಗಿಸಲು ಹೇಳಿದೆ. ಯಾಕೆ ಎಂದು ನೀವು ಕೇಳಿದಿರಿ. ನಾನು ಉತ್ತರ ಕೊಡಲಿಲ್ಲ, ಏದುಸಿರಿತ್ತು. ಉತ್ತರ ಈಗ 7.28, 7.39ರಲ್ಲಿ ಬರೆದಿದ್ದೇನೆ.

7.57: ಮೂರು ಕಿಲೋಮೀಟರ್ ಹಿಂದಕ್ಕೆ ಹೋದೆವು. ಇದನ್ನೂ ತುಳಿದೆ. ಲೆಕ್ಕಕ್ಕಿಲ್ಲ.

7.58: ಅಲ್ಲಿಂದ ಮತ್ತೆ ಹೊರಟೆ. ಮಳೆ ಜೋರು. ಈ ಸಲ ಶೇಷಪ್ಪನವರು ನಿಮಿಷಕ್ಕೊಮ್ಮೆ ನಿಮ್ಮ ಪಕ್ಕೆ ತಿವಿಯುತ್ತಿದ್ದರು. ನೀವು ಬೈಯುವುದು ಮಳೆಯಲ್ಲೂ ಕೇಳಿಸುತ್ತಿತ್ತು.

8.36: ಹೊಳಲೂರು ಬಸ್ ಸ್ಟ್ಯಾಂಡ್.

8.41: ಆಟೋದ ಸೀಟಿನ ಮೇಲೆ ಫಾರ್ಮು ಇಟ್ಟು ಸಹಿ ಹಾಕಿದಿರಿ. ಆಗ ನಿಮ್ಮ ಎರಡೂ ಕಣ್ಣು ತೆರೆದಿದ್ದವು. ಶೇಷಪ್ಪನವರು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಿದ್ದಾರೆ.

ನಿರಂಜನ